ಹಲ್ಲಿ ಲೊಚಗುಟ್ಟಿದ ಮೇಲೆ ಕೊಂಡ ಬ್ಯಾಕಪ್: ಬ್ಯಾಕ್‌ಬ್ಲೇಜ್ ಜೊತೆ ಹದಿನೆಂಟು ತಿಂಗಳು

"ಏನೋ ಇದು, ಕಂಪ್ಯೂಟರ್ ಒಳಗೆ ಹಲ್ಲಿ ಲೊಚಗುಟ್ಟಿದ ಹಾಗೆ ಕೇಳಿಸ್ತಿದೆ" ಎಂದು 2024ರ ಮಳೆಗಾಲದಲ್ಲಿ ಅಪ್ಪ ಸಾಗರದಿಂದ ಫೋನ್ ಮಾಡಿದರು. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಾಗುತ್ತದೆ ಅಂತಾರಲ್ಲ, "ಹಾರ್ಡ್ ಡಿಸ್ಕ್ ಹೋಗ್ತಾ ಇದೆ ಅಪ್ಪ, ಮೊದಲು ಸ್ವಿಚ್ ಆರಿಸಿ" ಅಂದೆ, ಹಾಗೇ ಆಯಿತು. ಅಪ್ಪ ಸ್ವಿಚ್ ಆರಿಸಲಿಲ್ಲ. ಇನ್ನೊಂದು ಪ್ಯಾರಾ ಮುಗಿಸಿ ಆರಿಸ್ತೀನಿ ಅಂತ ಕೂತರು. ಆ ಪ್ಯಾರಾ ಸೇವ್ ಆಗಲೇ ಇಲ್ಲ.

ಆ ಡಿಸ್ಕಿನಲ್ಲಿ ಇದ್ದದ್ದು ಅವರು ನಿವೃತ್ತರಾದ ಮೇಲೆ ಕೂತು ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ನಮ್ಮ ಸುತ್ತಿನ ಕೆರೆಗಳ ಟಿಪ್ಪಣಿ, ಮನೆತನದ ವಂಶಾವಳಿ, ಮದುವೆ ಕ್ಯಾಸೆಟ್‌ಗಳಿಂದ ತೆಗೆಸಿದ ವಿಡಿಯೋ, ಅಜ್ಜಿ ಹಾಡಿದ ಸಂಪ್ರದಾಯದ ಹಾಡುಗಳ ರೆಕಾರ್ಡಿಂಗ್. ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಗೆ ಹೋದೆ. 32 ಸಾವಿರ ಕೇಳಿದರು, ಅದೂ "ಬಂದರೆ ಬಂತು ಸಾರ್" ಅನ್ನೋ ಷರತ್ತಿನ ಮೇಲೆ. ಅರ್ಧ ಬಂತು. ಉಳಿದದ್ದರಲ್ಲಿ ಒಂದಿಷ್ಟು ಹಳೇ ಪೆನ್‌ಡ್ರೈವ್ ಒಂದರಲ್ಲಿ ಸಿಕ್ಕಿತು, ಆದರೆ 2022ರ ತನಕದ್ದು ಮಾತ್ರ. ಎರಡು ವರ್ಷದ ಬರವಣಿಗೆ ಹೋಯಿತು. ಅಪ್ಪ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟ ಆಗಿದ್ದು.

ಹಾಗಾಗಿ ಕಂಪ್ಯೂಟರಿನ ಫೈಲುಗಳ ಇನ್ನೊಂದು ಪ್ರತಿಯನ್ನು ಇಂಟರ್ನೆಟ್ ಮೂಲಕ ತಾನಾಗಿ ದೂರದಲ್ಲಿ ಇಟ್ಟುಕೊಳ್ಳುವ ಬ್ಯಾಕಪ್ ಸೇವೆ ಹುಡುಕಲು ಶುರು ಮಾಡಿದೆ. ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಯಲ್ಲಿ "ಗೂಗಲ್ ಡ್ರೈವ್‌ನಲ್ಲಿ ಹಾಕಿದೀವಿ ಬಿಡು" ಅನ್ನೋ ಧೈರ್ಯ ಇತ್ತು. ಅದು ಬ್ಯಾಕಪ್ ಅಲ್ಲ, ಸಿಂಕ್. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಇಲ್ಲಿ ಕೆಟ್ಟರೆ ಅಲ್ಲೂ ಕೆಡುತ್ತದೆ. ಅಪ್ಪ ಒಮ್ಮೆ ಜಾಗ ಮಾಡೋಣ ಅಂತ "ಹಳೇದು" ಎಂಬ ಫೋಲ್ಡರನ್ನು ಅಳಿಸಿದ್ದರು, ಎರಡು ತಿಂಗಳಾದ ಮೇಲೆ ನಾನು ನೋಡುವಷ್ಟರಲ್ಲಿ ಮೇಲೆ, ಅಂದರೆ ಇಂಟರ್ನೆಟ್ಟಿನಲ್ಲಿರುವ, ಕಸದ ಬುಟ್ಟಿಯಿಂದಲೂ ಅದು ಹೋಗಿತ್ತು. ಬಹುತೇಕ ಸಿಂಕ್ ಸೇವೆಗಳು ಅಳಿಸಿದ್ದನ್ನು 30 ದಿನ ಇಟ್ಟುಕೊಂಡು ಬಿಸಾಡುತ್ತವೆ. ಜೊತೆಗೆ ಜಾಗದ ಲೆಕ್ಕ. ಗೂಗಲ್‌ನಲ್ಲಿ ಪುಕ್ಕಟೆ 15 ಜಿಬಿ, ಮೈಕ್ರೋಸಾಫ್ಟಿನ ಒನ್‌ಡ್ರೈವ್‌ನಲ್ಲಿ 5 ಜಿಬಿ. ನಮ್ಮದು ಹೊರಗಿನ ಡಿಸ್ಕೂ ಸೇರಿ 620 ಜಿಬಿ.

ಕೊನೆಗೆ ಉಳಿದದ್ದು ಎರಡು ಹೆಸರು, ಐಡ್ರೈವ್ ಮತ್ತು ಬ್ಯಾಕ್‌ಬ್ಲೇಜ್. ಐಡ್ರೈವ್‌ನಲ್ಲಿ ಒಂದೇ ಖಾತೆಗೆ ಎಷ್ಟು ಕಂಪ್ಯೂಟರ್, ಎಷ್ಟು ಫೋನ್ ಬೇಕಾದರೂ ಸೇರಿಸಬಹುದು, ಆದರೆ ಒಟ್ಟು ಜಾಗಕ್ಕೆ ಮಿತಿ ಇದೆ. ನಾವು ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ಅದು ತಾನಾಗಿ ಮೇಲಿಂದ ಅಳಿಸುವುದೂ ಇಲ್ಲ. ಬ್ಯಾಕ್‌ಬ್ಲೇಜ್ ಉಲ್ಟಾ. ಒಂದು ಕಂಪ್ಯೂಟರಿಗೆ ಒಂದು ಚಂದಾ, ಜಾಗಕ್ಕೆ ಮಿತಿ ಇಲ್ಲ. ಮನೆಯಲ್ಲಿ ನಾಲ್ಕು ಲ್ಯಾಪ್‌ಟಾಪ್ ಇದ್ದವರು ಐಡ್ರೈವ್ ನೋಡಿ. ನಮಗೆ ಇರೋದು ಒಂದೇ ಡೆಸ್ಕ್‌ಟಾಪ್, ಅದೂ ದಿನೇದಿನೇ ತುಂಬುತ್ತಲೇ ಇರೋದು. ಇನ್ನೊಂದು ಮುಖ್ಯ ಕಾರಣ, ಬ್ಯಾಕ್‌ಬ್ಲೇಜ್‌ನಲ್ಲಿ ಏನು ಬ್ಯಾಕಪ್ ಆಗಬೇಕು ಅಂತ ಆರಿಸುವ ಹಾಗೇ ಇಲ್ಲ. ನಮ್ಮ ಫೈಲೆಲ್ಲಾ ಹೋಗುತ್ತದೆ, ಬೇಡದ್ದನ್ನು ಮಾತ್ರ ಹೇಳಬೇಕು. ಅಪ್ಪ ಎಲ್ಲೆಲ್ಲಿ ಫೈಲ್ ಇಡುತ್ತಾರೆ ಅಂತ ಅವರಿಗೇ ಗೊತ್ತಿಲ್ಲದ ಮನೆಗೆ ಇದಕ್ಕಿಂತ ಒಳ್ಳೇದು ಏನಿದೆ?

ಕ್ಯಾಲಿಫೋರ್ನಿಯಾದ ಈ ಕಂಪನಿ 2007ರಿಂದ ಇದೆ. ಶುರುವಿನಲ್ಲಿ ತಿಂಗಳಿಗೆ 5 ಡಾಲರ್ ಇತ್ತು, 2019ರಲ್ಲಿ 6, 2021ರಲ್ಲಿ 7, 2023ರ ಅಕ್ಟೋಬರಿನಲ್ಲಿ 9. ನಾನು ಕಟ್ಟಿದ್ದು ವರ್ಷದ ಲೆಕ್ಕದಲ್ಲಿ, 99 ಡಾಲರ್. ಅಗ್ಗ ಏನಲ್ಲ. ತೆರಿಗೆ, ಬ್ಯಾಂಕಿನ ಡಾಲರ್ ಕಮಿಷನ್ ಎಲ್ಲಾ ಸೇರಲಿ ಅಂತ ನಾನು ಹತ್ತು ಸಾವಿರ ರೂಪಾಯಿ ಎತ್ತಿಡುತ್ತೇನೆ. ಅಷ್ಟರಲ್ಲಿ ಎರಡು ಒಳ್ಳೇ ಹೊರಗಿನ ಡಿಸ್ಕ್ ಬರುತ್ತವಲ್ಲ ಅಂತ ಭಾವ ಕೇಳಿದರು. ಬರುತ್ತವೆ. ಆದರೆ ಆ ಡಿಸ್ಕನ್ನು ವಾರ ವಾರ ಚುಚ್ಚಿ ಕಾಪಿ ಮಾಡುವವರು ಯಾರು? ನಮ್ಮ ಮನೆಯಲ್ಲಿ ಯಾರೂ ಇಲ್ಲ, ಪೆನ್‌ಡ್ರೈವ್ 2022ಕ್ಕೆ ನಿಂತದ್ದೇ ಅದಕ್ಕೆ ಸಾಕ್ಷಿ.

ಹಾಕುವುದು ಸುಲಭ. ಖಾತೆ ತೆರೆಯುವಾಗ ಫೈಲುಗಳು ಅಮೆರಿಕದಲ್ಲಿ ಇರಬೇಕೋ ಯುರೋಪಿನಲ್ಲೋ ಅಂತ ಕೇಳುತ್ತದೆ. ಆಮೇಲೆ ಇನ್‌ಸ್ಟಾಲ್ ಮಾಡಿ, ಹೊರಗಿನ ಡಿಸ್ಕಿಗೂ ಟಿಕ್ ಹಾಕಿ ಬಿಟ್ಟೆ. ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು.

ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಇಂಟರ್ನೆಟ್ ಕಂಪನಿಗಳು 50, 100 ಅಂತ ಜಾಹೀರಾತು ಕೊಡೋದು ಇಳಿಯುವ ವೇಗಕ್ಕೆ. ಬ್ಯಾಕಪ್‌ಗೆ ಬೇಕಾದದ್ದು ಏರುವ ವೇಗ, ಅಂದರೆ ಅಪ್‌ಲೋಡ್. ಸಾಗರದ ಮನೆಯ ಲೈನಿನಲ್ಲಿ ಅದು 10 ಎಂಬಿಪಿಎಸ್. ಅದು ಬಿಟ್ ಲೆಕ್ಕ, ಎಂಟು ಬಿಟ್ಟಿಗೆ ಒಂದು ಬೈಟ್. ಎಂಟರಿಂದ ಭಾಗಿಸಿ, ಸೆಕೆಂಡಿಗೆ 1.25 ಎಂಬಿ, ಗಂಟೆಗೆ 4.5 ಜಿಬಿ. ಅಪ್ಪ ದಿನಕ್ಕೆ ಆರು ಗಂಟೆ ಕಂಪ್ಯೂಟರ್ ಹಾಕುತ್ತಾರೆ ಅಂದರೆ 27 ಜಿಬಿ. 620ಕ್ಕೆ 23 ದಿನ. ಆಗಿದ್ದು 41 ದಿನ! ಮಳೆಗೆ ಮರ ಬಿದ್ದು ನಾಲ್ಕು ದಿನ ಲೈನ್ ಇರಲಿಲ್ಲ, ಕರೆಂಟ್ ಹೋದಾಗ ಇನ್ವರ್ಟರಿನಲ್ಲಿ ರೂಟರ್ ಮಾತ್ರ ನಡೆಯುತ್ತಿತ್ತು, ಮೇಲಿಂದ ಅಪ್ಪನಿಗೆ ರಾತ್ರಿ ಒಂಬತ್ತಕ್ಕೆ ಗೋಡೆಯ ಮೇನ್ ಸ್ವಿಚ್ಚೇ ಆರಿಸುವ ಅಭ್ಯಾಸ. "ಸಿಡಿಲು ಬಡಿದರೆ ನೀನು ಕಟ್ಟಿಕೊಡ್ತೀಯಾ?" ಅಂದರು. ಮಲೆನಾಡಿನ ಮಳೆಗಾಲ, ವಾದ ಮಾಡುವ ಹಾಗೇ ಇಲ್ಲ.

ಇಲ್ಲಿ ಒಂದು ಒಳ್ಳೇ ವಿಷಯ. ಸಾಫ್ಟ್‌ವೇರ್ ಸಣ್ಣ ಫೈಲುಗಳನ್ನು ಮೊದಲು ಕಳಿಸುತ್ತದೆ, ದೊಡ್ಡದು ಕೊನೆಗೆ. ಹಾಗಾಗಿ ಅಪ್ಪನ ಬರವಣಿಗೆಯೆಲ್ಲ ಮೊದಲ ಸಂಜೆಯೇ ಹೋಗಿ ಸೇರಿತ್ತು. ಉಳಿದ ನಲವತ್ತು ದಿನ ಹಿಡಿದದ್ದು ಫೋಟೋ ಮತ್ತು ಮದುವೆ ವಿಡಿಯೋ, ಅದರಲ್ಲೂ ಚಿಕ್ಕಪ್ಪನ ಮದುವೆಯದ್ದೇ 38 ಜಿಬಿ, ಮುಕ್ಕಾಲು ಪಾಲು ಊಟದ ಪಂಕ್ತಿ.

ಈಗ ಮೋಸ ಹೋಗಬಹುದಾದ ಜಾಗಗಳು. ಇವನ್ನು ಕಂಪನಿ ಮುಚ್ಚಿಟ್ಟಿಲ್ಲ, ನಾವು ಓದೋದಿಲ್ಲ ಅಷ್ಟೆ.

ಇದು ಗೋಡೌನ್ ಅಲ್ಲ, ನಿಮ್ಮ ಕಂಪ್ಯೂಟರಿನ ನೆರಳು. ಕಂಪ್ಯೂಟರಿನಿಂದ ಅಳಿಸಿದ ಫೈಲ್ ಮಾಮೂಲಿ ಸೆಟ್ಟಿಂಗ್‌ನಲ್ಲಿ 30 ದಿನ ಮಾತ್ರ ಮೇಲೆ ಇರುತ್ತದೆ. ಒಂದು ವರ್ಷಕ್ಕೆ ಬದಲಾಯಿಸಿಕೊಳ್ಳಬಹುದು, ಅದಕ್ಕೆ ಹೆಚ್ಚಿನ ದುಡ್ಡಿಲ್ಲ, ಆದರೆ ನೀವೇ ಹೋಗಿ ಆನ್ ಮಾಡಬೇಕು. ಇವತ್ತೇ ಮಾಡಿ. ಅಪ್ಪ ಒಂದು ದಿನ ಖುಷಿಯಾಗಿ "ಫೋಟೋ ಎಲ್ಲಾ ಮೇಲೆ ಹೋಯ್ತಲ್ಲ, ಇನ್ನು ಇಲ್ಲಿಂದ ತೆಗೆದುಬಿಡ್ಲಾ?" ಅಂತ ಕೇಳಿದರು. ಕೇಳಿದ್ದೇ ಪುಣ್ಯ. ಹೊರಗಿನ ಡಿಸ್ಕಿಗೂ ಇದೇ ನಿಯಮ, ಬಿಚ್ಚಿ ಕಪಾಟಿನಲ್ಲಿಟ್ಟು ಮರೆತರೆ ಅವಧಿ ಮುಗಿದ ಮೇಲೆ ಅದರ ಪ್ರತಿಯೂ ಹೋಗುತ್ತದೆ.

ಇನ್ನೊಂದು, ಹೊಸ ವಿಂಡೋಸ್‌ನಲ್ಲಿ ಫೈಲಿನ ಪಕ್ಕ ಸಣ್ಣ ಮೋಡದ ಗುರುತು ಕಾಣುತ್ತದೆ ನೋಡಿ, ಅಂಥ ಫೈಲ್ ನಿಮ್ಮ ಡಿಸ್ಕಿನಲ್ಲಿ ಇರೋದೇ ಇಲ್ಲ, ಒನ್‌ಡ್ರೈವ್‌ನಲ್ಲಿ ಇರುತ್ತದೆ. ಡಿಸ್ಕಿನಲ್ಲಿ ಇಲ್ಲದ್ದನ್ನು ಬ್ಯಾಕ್‌ಬ್ಲೇಜ್ ಎತ್ತಿಕೊಳ್ಳೋದಿಲ್ಲ. ಅಪ್ಪನ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಎರಡೂ ಅವರಿಗೆ ತಿಳಿಯದೆಯೇ ಒನ್‌ಡ್ರೈವ್ ಒಳಗೆ ಹೋಗಿ ಕೂತಿದ್ದವು, ಹೊಸ ಕಂಪ್ಯೂಟರ್ ಶುರು ಮಾಡುವಾಗ ಯಾರೋ ಸುಮ್ನೆ ಎಲ್ಲದಕ್ಕೂ "ಹೌದು" ಒತ್ತಿದ್ದರು. ಆ ಯಾರೋ ನಾನೇ. ಎಲ್ಲವನ್ನೂ ವಾಪಸ್ ಮಾಮೂಲಿ ಫೋಲ್ಡರಿಗೆ ತಂದೆ.

ಕೀಲಿಯ ವಿಷಯ. ಮೇಲಿರುವ ಫೈಲುಗಳಿಗೆ ಬೀಗ ಹಾಕಲು ಬೇಕಾದರೆ ನಿಮ್ಮದೇ ರಹಸ್ಯ ವಾಕ್ಯ ಹಾಕಿಕೊಳ್ಳಬಹುದು, ಅದು ಮರೆತರೆ ಕಂಪನಿಯೂ ಏನೂ ಮಾಡಲಾರದು. ಆದರೆ ವೆಬ್‌ಸೈಟಿನಿಂದ ಫೈಲ್ ವಾಪಸ್ ತರುವಾಗ ಅದೇ ವಾಕ್ಯವನ್ನು ಅವರ ಸೈಟಿನಲ್ಲಿ ಟೈಪ್ ಮಾಡಬೇಕು, ಇದು ತುಂಬಾ ಜನ ಎತ್ತಿದ ಆಕ್ಷೇಪ, ನನಗೂ ಸರಿ ಅನ್ನಿಸುತ್ತದೆ. ಕೆರೆಗಳ ಟಿಪ್ಪಣಿಗೆ ಪರವಾಗಿಲ್ಲ. ವಾಕ್ಯವನ್ನು ಚೀಟಿಯಲ್ಲಿ ಬರೆದು ಪಹಣಿ ಕಾಗದಗಳ ಜೊತೆ ಇಟ್ಟಿದ್ದೇವೆ, ಆ ಫೈಲನ್ನು ನಮ್ಮ ಮನೆಯಲ್ಲಿ ಯಾರೂ ಕಳೆಯೋದಿಲ್ಲ.

ಇನ್ನು ವಾಪಸ್ ತರುವುದು. ಇದನ್ನು ಪರೀಕ್ಷೆ ಮಾಡದೆ ವಿಮರ್ಶೆ ಬರೆಯುವವರನ್ನು ಕಂಡರೆ ನನಗೆ ಆಶ್ಚರ್ಯ. ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಸೈಟ್ ತೆರೆದು, ಅಪ್ಪನ "ಕೆರೆ" ಫೋಲ್ಡರಿಗೆ ಟಿಕ್ ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಜಿಪ್ ಸಿದ್ಧ ಅಂತ ಮೇಲ್ ಬಂತು. ಇಳಿಸಿದೆ, ಬಿಚ್ಚಿದೆ, ಫೈಲುಗಳ ಸಂಖ್ಯೆ ಸರಿ ಇತ್ತು. ಒಂದು ಫೈಲ್ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತೆ ಗೀಟಿರುವ ಎ. ಹಿಂದಿನಿಂದ ನೋಡುತ್ತಿದ್ದ ಅಪ್ಪನ ಮುಖ ಇಳಿದುಹೋಯಿತು. "ಇದೂ ಹೋಯ್ತಾ?"

ಹೋಗಿರಲಿಲ್ಲ. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಈಗ ಎಲ್ಲಾ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರಗಳ ಮಾದರಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ವೇಷ ಹಾಕಿಸುವ ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಫಾಂಟ್ ಇರುವುದು ವಿಂಡೋಸ್ ಫೋಲ್ಡರಿನೊಳಗೆ, ಬ್ಯಾಕ್‌ಬ್ಲೇಜ್ ವಿಂಡೋಸ್ ಫೋಲ್ಡರನ್ನೂ ಪ್ರೋಗ್ರಾಂಗಳನ್ನೂ ಬ್ಯಾಕಪ್ ಮಾಡುವುದಿಲ್ಲ. ಅವರ ಲೆಕ್ಕದಲ್ಲಿ ಅದು ಸರಿಯೇ, ಪ್ರೋಗ್ರಾಂ ಮತ್ತೆ ಹಾಕಿಕೊಳ್ಳಬಹುದು. ಆದರೆ ಹಳೇ ನುಡಿ ಅಥವಾ ಅಂಥದ್ದೇ "ಬರಹ" ಸಾಫ್ಟ್‌ವೇರಿನ ಹಳೇ ಫೈಲುಗಳಿರುವ ಕನ್ನಡದ ಮನೆಗಳಿಗೆ ಇದು ದೊಡ್ಡ ವಿಷಯ. ನುಡಿ ಇನ್‌ಸ್ಟಾಲ್ ಮಾಡಿದೆ, ಅಕ್ಷರ ಎಲ್ಲಾ ಎದ್ದು ಬಂದವು. ಅವತ್ತೇ ಎರಡು ಕೆಲಸ ಮಾಡಿದೆವು. ಫಾಂಟ್ ಫೈಲುಗಳನ್ನು ಡಾಕ್ಯುಮೆಂಟ್ಸ್ ಒಳಗೆ ಒಂದು ಫೋಲ್ಡರಿಗೆ ಕಾಪಿ ಮಾಡಿದೆವು, ಈಗ ಅವೂ ಬ್ಯಾಕಪ್ ಆಗುತ್ತವೆ. ಮತ್ತೆ ಮುಖ್ಯವಾದ ಫೈಲುಗಳನ್ನು ಕನ್ವರ್ಟರ್ ಹಾಕಿ ಯೂನಿಕೋಡ್‌ಗೆ ತಿರುಗಿಸಿದೆವು, ಒತ್ತಕ್ಷರ ಅಲ್ಲಲ್ಲಿ ಕೆಟ್ಟದ್ದನ್ನು ಅಪ್ಪ ಈಗಲೂ ತಿದ್ದುತ್ತಾ ಇದ್ದಾರೆ.

ಪೂರ್ತಿ ಡಿಸ್ಕೇ ಹೋದರೆ? 620 ಜಿಬಿ ಇಳಿಸಲು 50 ಎಂಬಿಪಿಎಸ್ ಲೈನಿನಲ್ಲಿ ಒಂದೂ ಕಾಲು ದಿನ ಸಾಕು, ಅದು ಲೈನ್ ಸರಿ ಇದ್ದರೆ. ಎಲ್ಲವನ್ನೂ ಡಿಸ್ಕಿಗೆ ತುಂಬಿ ಅಂಚೆಯಲ್ಲಿ ಕಳಿಸುವ ವ್ಯವಸ್ಥೆಯೂ ಇದೆ, ಮೊದಲು ದುಡ್ಡು ಕಟ್ಟಬೇಕು, 30 ದಿನದೊಳಗೆ ಡಿಸ್ಕ್ ವಾಪಸ್ ಮಾಡಿದರೆ ದುಡ್ಡು ಹಿಂದಕ್ಕೆ. ಅಮೆರಿಕದಲ್ಲಿ ಇರುವವರಿಗೆ ಒಳ್ಳೇ ಸೌಲಭ್ಯ. ಸಾಗರಕ್ಕೆ ಕಸ್ಟಮ್ಸ್ ದಾಟಿ ಬಂದು, ಮತ್ತೆ ನಾವು ತಿರುಗಿ ಕಳಿಸಿ, ಅಯ್ಯೋ ಬೇಡ.

ದುಡ್ಡು ಕಟ್ಟುವಾಗ ಒಂದು ಎಚ್ಚರ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಬಂದ ಮೇಲೆ ವಿದೇಶಿ ಚಂದಾಗಳು ಎಲ್ಲಾ ಕಾರ್ಡಿನಲ್ಲೂ ತಾವಾಗಿ ಕಟ್ಟಿಕೊಳ್ಳುವುದಿಲ್ಲ. ನನ್ನ ಕಾರ್ಡಿನಲ್ಲೂ ಎರಡನೇ ವರ್ಷದ ಹಣ ಹೋಗಲಿಲ್ಲ. ನೆನಪಿನ ಮೇಲ್ ಬಂದಿತ್ತು, ನಾನು ತೆರೆಯದ ಹಳೇ ವಿಳಾಸಕ್ಕೆ. ಸದ್ಯ, ಬೇರೆ ಏನೋ ಹುಡುಕುವಾಗ ಕಣ್ಣಿಗೆ ಬಿತ್ತು. ಈಗ ಗೋಡೆಯ ಕ್ಯಾಲೆಂಡರಿನಲ್ಲಿ ಎಲ್‌ಐಸಿ ಕಂತಿನ ಪಕ್ಕದಲ್ಲೇ ಅಪ್ಪ "ಬ್ಯಾಕಪ್" ಅಂತ ಬರೆದಿಟ್ಟಿದ್ದಾರೆ.

ಹಾಗಂತ ಇದೊಂದನ್ನೇ ನಂಬಿ ಕೂತಿಲ್ಲ. ಕ್ರ್ಯಾಶ್‌ಪ್ಲಾನ್ ಎಂಬ ಇಂಥದ್ದೇ ಸೇವೆ, ತುಂಬಾ ಜನ ಬಳಸುತ್ತಿದ್ದದ್ದು, 2017ರಲ್ಲಿ ಮನೆ ಬಳಕೆಯ ಪ್ಲಾನ್ ನಿಲ್ಲಿಸುತ್ತೇವೆ ಎಂದು ಹೇಳಿಬಿಟ್ಟಿತು. ಅದಕ್ಕೇ ಒಂದು ಡಿಸ್ಕಿನಲ್ಲಿ ಬರವಣಿಗೆ ಮತ್ತು ಅಜ್ಜಿಯ ಹಾಡುಗಳಷ್ಟನ್ನು ಹಾಕಿ ಬೆಂಗಳೂರಿನ ನನ್ನ ಮನೆಯಲ್ಲೂ ಇಟ್ಟುಕೊಂಡಿದ್ದೇನೆ, ಪ್ರತಿ ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸುತ್ತೇನೆ.

ನನ್ನ ಮಾರ್ಕು ಹತ್ತಕ್ಕೆ ಎಂಟು. ಒಂದು ಕಡಿಮೆ ಮಾಡಿದ್ದು ಬೆಲೆಗೆ, ಇನ್ನೊಂದು ಆ ಒಂದು ವರ್ಷದ ಸೆಟ್ಟಿಂಗನ್ನು ಅವರೇ ಆನ್ ಮಾಡಿ ಕೊಡದಿದ್ದಕ್ಕೆ. ಮುಂದಿನ ವರ್ಷಕ್ಕೂ ಕಟ್ಟುತ್ತೇನೆ. ಫೋನಿಗೆ ಮಾತ್ರ ಇದು ಬರೋದಿಲ್ಲ, ಕಂಪ್ಯೂಟರಿಗಷ್ಟೇ. ಅಮ್ಮನ ಫೋನಿನಲ್ಲಿ ಹನ್ನೊಂದು ಸಾವಿರ ಫೋಟೋ ಇದೆ, ಅರ್ಧ ಗುಡ್ ಮಾರ್ನಿಂಗ್ ಚಿತ್ರ, ಅರ್ಧ ಮೊಮ್ಮಕ್ಕಳು. ತಿಂಗಳಿಗೊಮ್ಮೆ ಅಪ್ಪ ಕೇಬಲ್ ಚುಚ್ಚಿ ಅದನ್ನು ಕಂಪ್ಯೂಟರಿಗೆ ಇಳಿಸುತ್ತಾರೆ, ಅಲ್ಲಿಂದ ಅದು ತಾನಾಗಿ ಮೇಲೆ ಹೋಗುತ್ತದೆ, ಗುಡ್ ಮಾರ್ನಿಂಗೂ ಸೇರಿ.