ಲ್ಯಾಪ್‌ಟಾಪ್ ಸ್ಪೀಡ್ ಮಾಡಿಸೋಕೆ ಹೋಗಿ ಹಾರ್ಡ್ ಡಿಸ್ಕೂ ಕಳ್ಕೊಂಡೆ, ಹಾಸನದವರು ಹುಷಾರು

ಹಳೇ ಲ್ಯಾಪ್‌ಟಾಪ್ ನಿಧಾನ ಆಗಿದೆ, ಯಾವುದಾದ್ರೂ ಅಂಗಡಿಗೆ ಬಿಟ್ಟು ಬರೋಣ ಅಂತ ಇದ್ರೆ ಇದನ್ನ ಓದಿ ಆಮೇಲೆ ಹೋಗಿ. ಬಿಟ್ಟು ಬರ್ಬೇಡಿ. ಮಿಕ್ಕಿದ್ದು ಓದೋಕೆ ಪುರುಸೊತ್ತಿಲ್ಲ ಅಂದ್ರೆ ಇದೊಂದು ಮಾತು ಸಾಕು, ಲ್ಯಾಪ್‌ಟಾಪ್ ಬಿಟ್ಟು ಬರ್ಬೇಡಿ.

ಅಂಗಡಿ ಹೆಸರು ಹಾಕಲ್ಲ. ದೂರು ಕೊಡೋಕೆ ಕಾಗದ ರೆಡಿ ಮಾಡ್ಕೊತಿದ್ದೀನಿ, ಅಷ್ಟರಲ್ಲಿ ಹೆಸರು ಬರೆದು ಉಲ್ಟಾ ನನ್ನ ಮೇಲೇ ಬರೋದು ಬೇಡ. ಹಾಸನದಲ್ಲೇ ಇದೆ, ಊರೊಳಗೇ ಇದೆ, ಅಷ್ಟು ಹೇಳ್ತೀನಿ.

ನಾನು ಪತ್ರ ಬರಹಗಾರ. ಹದಿನೇಳು ವರ್ಷದಿಂದ ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ ಬರ್ಕೊಂಡು ಬಂದವನು. ದಿನ ಬೆಳಗಾದ್ರೆ ಜನಕ್ಕೆ ನಾನು ಹೇಳೋದೇನು? "ತಾಯಿ ಪತ್ರ ನೋಡದೆ ಅಡ್ವಾನ್ಸ್ ಕೊಡ್ಬೇಡಿ, ಆಸ್ತಿಯ ಹಿಂದಿನ ವ್ಯವಹಾರ ತೋರ್ಸೋ ಋಣಭಾರ ಪತ್ರ, ಇಸಿ, ತೆಗೆಸಿ, ಚಕ್ಕುಬಂದಿ ಜಾಗಕ್ಕೆ ಹೋಗಿ ನೋಡಿ, ಬಾಯಿ ಮಾತು ನಂಬ್ಬೇಡಿ." ಇಷ್ಟು ಹೇಳೋ ಮನುಷ್ಯ ಒಂದು ಬಿಲ್ಲೂ ಇಲ್ಲದೆ, ಒಂದು ಸಹಿಯೂ ಇಲ್ಲದೆ, ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಲ್ಲಿ ಬರೆದ ನಾಲ್ಕು ಅಂಕಿ ನಂಬಿ 8,700 ರೂಪಾಯಿ ಕೊಟ್ಟು ಬಂದೆ. ದುಡ್ಡು ಹೋಗಿದ್ದಕ್ಕಿಂತ ಇದು ಹೊಟ್ಟೆ ಉರಿಸ್ತಿದೆ.

ಲ್ಯಾಪ್‌ಟಾಪ್ 2018ರದ್ದು. ಇಂಟೆಲ್ ಐ3 ಪ್ರೊಸೆಸರ್, ಏಳನೇ ಜನರೇಷನ್ನು, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಬೆಳಿಗ್ಗೆ ಆಫೀಸ್ ಬಾಗಿಲು ತೆಗೆದು ಅದನ್ನ ಆನ್ ಮಾಡಿ, ಕಸ ಗುಡಿಸಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ, ಎದುರುಗಡೆ ಹೋಗಿ ಕಾಫಿ ಕುಡ್ಕೊಂಡು ಬಂದ್ರೂ ಪರದೆ ಮೇಲೆ ಆ ಬಿಳಿ ಚುಕ್ಕಿಗಳು ಸುತ್ತುತ್ತಾನೇ ಇರ್ತಿದ್ವು. ನೋಂದಣಿ ಇಲಾಖೆಯ ಕಾವೇರಿ 2.0 ಸಾಫ್ಟ್‌ವೇರ್ ಬಂದಮೇಲೆ ಎಲ್ಲ ಆನ್‌ಲೈನ್ ಅಲ್ವಾ, ಪಾರ್ಟಿ ಎದುರಿಗೆ ಕೂತಿರ್ತಾರೆ, ಒಂದು ಪೇಜ್ ಓಪನ್ ಆಗೋಷ್ಟರಲ್ಲಿ ಅವರ ಸಂಸಾರದ ಜಗಳ ಎಲ್ಲಾ ನನಗೆ ಗೊತ್ತಾಗಿಬಿಡ್ತಿತ್ತು.

ಬೆಂಗಳೂರಲ್ಲಿರೋ ಅಕ್ಕನ ಮಗ ಫೋನಲ್ಲೇ ಟಾಸ್ಕ್ ಮ್ಯಾನೇಜರ್ ತೆಗೆಸಿ ನೋಡಿಸ್ದ. ಡಿಸ್ಕ್ 100% ಅಂತ ಕೆಂಪಗೆ ನಿಂತಿತ್ತು, ಅಂದ್ರೆ ಅದಕ್ಕೆ ಬಿಡುವೇ ಇಲ್ಲ. "ಮಾಮ, ಪ್ರೊಸೆಸರ್‌ದು ತಪ್ಪಿಲ್ಲ. ಒಳಗೆ ತಿರುಗೋ ತಟ್ಟೆ ಇರೋ ಹಾರ್ಡ್ ಡಿಸ್ಕ್ ಅದು, ನಿಮಿಷಕ್ಕೆ 5,400 ಸುತ್ತು. ಸೆಕೆಂಡಿಗೆ 100 ಎಂಬಿ ಆಸುಪಾಸು ಓದುತ್ತೆ, ಚಿಕ್ಕ ಚಿಕ್ಕ ಫೈಲ್ ಆದ್ರೆ ಅದೂ ಇಲ್ಲ. ಅದೇ ಜಾಗಕ್ಕೆ ತಟ್ಟೆ ಇಲ್ಲದ, ಚಿಪ್ಪಲ್ಲೇ ಎಲ್ಲಾ ಉಳಿಸೋ ಎಸ್‌ಎಸ್‌ಡಿ ಹಾಕ್ಸಿ, 500ರ ಹತ್ರ ಹೋಗುತ್ತೆ. ಜೊತೆಗೆ ಒಂದು ರ‍್ಯಾಮ್ ಸೇರ್ಸಿ. ಇನ್ನೂ ಮೂರು ವರ್ಷ ಓಡುತ್ತೆ." ನಾನು ದೀಪಾವಳಿಗೆ ಬರ್ತೀನಿ, ನಾನೇ ಹಾಕ್ಕೊಡ್ತೀನಿ ಅಂತಾನೂ ಅಂದ. ಕಾಯಬೇಕಿತ್ತು. ಕಾಯ್ಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಆ ಅಂಗಡಿಗೆ ಹೋದೆ. ಕೌಂಟರಲ್ಲಿದ್ದವನು ಬಾಯಿ ತುಂಬ ಸಾರ್ ಸಾರ್. ಎಸ್‌ಎಸ್‌ಡಿ 512 ಜಿಬಿ ಹೊಸದು 4,200, ರ‍್ಯಾಮ್ 8 ಜಿಬಿ 2,400, "ಇರೋ 4ಕ್ಕೆ ಸೇರಿ 12 ಆಗುತ್ತೆ ಸಾರ್, ರಾಕೆಟ್". ಒರಿಜಿನಲ್ ವಿಂಡೋಸ್ 11ಕ್ಕೆ 900. "ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಅಪ್‌ಡೇಟ್ ಬರೋದು ನಿಂತೋಗುತ್ತೆ ಸಾರ್, ಹಾಕ್ಸಲೇಬೇಕು" ಅಂದ. ಪಾಸ್‌ವರ್ಡ್ ಕೇಳ್ದ. ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿ ಕೊಟ್ಟೆ! ಹೌದು, ನಾನೇ ಕೈಯಾರೆ ಅಂಟಿಸಿದ್ದು. ಬೈಯೋರು ಬೈಯಿರಿ.

ಎರಡು ಗಂಟೆ ಆದಮೇಲೆ ಫೋನು. "ಸಾರ್, ಮದರ್‌ಬೋರ್ಡಲ್ಲಿ ಒಂದು ಐಸಿ, ಚಿಪ್ಪು, ವೀಕ್ ಇದೆ, ಹಂಗೇ ಬಿಟ್ರೆ ಹೊಸ ಎಸ್‌ಎಸ್‌ಡಿನೂ ಸುಟ್ಟೋಗುತ್ತೆ, 1,500 ಆಗುತ್ತೆ, ಮಾಡ್ಲಾ?" ಬಿಚ್ಚಿಟ್ಟು ಫೋನ್ ಮಾಡ್ತಾರೆ ಕಣ್ರೀ. ಆಪರೇಷನ್ ಟೇಬಲ್ ಮೇಲೆ ಮಲಗಿಸಿ ಸಹಿ ಕೇಳಿದಂಗೆ. ಬೇಡ ಅನ್ನೋಕೆ ಬಾಯಿ ಬರುತ್ತಾ? ಮಾಡಿ ಅಂದೆ. ಒಟ್ಟು 9,000. ಚೌಕಾಸಿ ಮಾಡಿ 8,700ಕ್ಕೆ ಇಳಿಸಿದೆ, ಗೆದ್ದೆ ಅಂತ ಬೇರೆ ಅಂದ್ಕೊಂಡೆ. ಫೋನ್‌ಪೇ ಮಾಡಿದ್ರೆ ಯಾರದ್ದೋ ಸ್ವಂತ ಹೆಸರಿನ ಖಾತೆಗೆ ಹೋಯ್ತು. ಬಿಲ್ ಕೇಳ್ದೆ. "ಜಿಎಸ್‌ಟಿ ಬಿಲ್ ಅಂದ್ರೆ 18 ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ ಸಾರ್, ನಿಮಗ್ಯಾಕೆ ಸುಮ್ನೆ" ಅಂದ. ಸರಿ, ಉಳೀತಲ್ಲ ಅಂದ್ಕೊಂಡೆ.

ಮೊದಲ ದಿನ ಇಪ್ಪತ್ತು ಸೆಕೆಂಡಲ್ಲಿ ಆನ್ ಆಯ್ತು. ಸುಳ್ಳು ಹೇಳಲ್ಲ, ಖುಷಿಯಾಯ್ತು. ಎಂಥ ಹಳೇ ಎಸ್‌ಎಸ್‌ಡಿ ಹಾಕಿದ್ರೂ ಆ ತಿರುಗೋ ತಟ್ಟೆಗಿಂತ ಸ್ಪೀಡೇ. ಅವರು ಆಟ ಆಡೋದೇ ಅಲ್ಲಿ. ನಿಮಗೆ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ, ನಂಬ್ತೀರ, ಒಳಗೇನಿದೆ ಅಂತ ಕೇಳಲ್ಲ.

ಆದ್ರೂ ಸಿ ಡ್ರೈವ್ ಮೇಲೆ 237 ಜಿಬಿ ಅಂತ ಇತ್ತು. ಫೋನ್ ಮಾಡಿ ಕೇಳ್ದೆ. ಅವನು ಕೊಟ್ಟ ಉತ್ತರ: "512 ಹಾಕಿರೋದು ಸಾರ್. ಅರ್ಧ ವಿಂಡೋಸೇ ತಿಂದ್ಬಿಡುತ್ತೆ. ಎಲ್ಲರದ್ದೂ ಹಂಗೇ ತೋರ್ಸೋದು."

ನಂಬಿದೆ. ನಂಬಿದ್ದಷ್ಟೇ ಅಲ್ಲ, ನಮ್ಮ ಬೀದಿ ಮೇಷ್ಟ್ರು ಒಬ್ಬರಿದ್ದಾರೆ, ಅವರು ನನ್ನ ಲ್ಯಾಪ್‌ಟಾಪ್ ನೋಡಿ "512 ಅಂದ್ರಲ್ಲ, ಇಲ್ಲಿ 237 ಇದೆ" ಅಂದ್ರೆ, "ವಿಂಡೋಸ್ ತಿನ್ನುತ್ತೆ ಮೇಷ್ಟ್ರೇ, ಟೆಕ್ನಿಕಲ್ಲು" ಅಂತ ಪಾಠ ಮಾಡಿ ಕಳ್ಸಿದ್ದೀನಿ. ಮೂವತ್ತು ವರ್ಷ ಗಣಿತ ಹೇಳ್ಕೊಟ್ಟ ಮೇಷ್ಟ್ರಿಗೆ! ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತೆ, ಅದಕ್ಕೆ ಸ್ವಲ್ಪ ಕಮ್ಮಿ ಕಾಣೋದು ನಿಜ. ಆದ್ರೆ 512ರದ್ದು 476 ಕಾಣ್ಬೇಕು. 238ರ ಹತ್ರ ಕಾಣೋದು 256ರದ್ದು. ಇದು ನನಗೆ ಆಮೇಲೆ ಗೊತ್ತಾಗಿದ್ದು.

ಮಧ್ಯದಲ್ಲಿ ಇನ್ನೊಂದು ಮರ್ಯಾದೆ ಹೋಯ್ತು. ದುದ್ದ ಕಡೆಯಿಂದ ಅಣ್ಣತಮ್ಮಂದಿರು ವಿಭಾಗ ಪತ್ರಕ್ಕೆ ಬಂದಿದ್ರು, ತಾಯೀನ ಆಟೋದಲ್ಲಿ ಕೂರಿಸ್ಕೊಂಡು. ಡ್ರಾಫ್ಟ್ ಓಪನ್ ಮಾಡಿದ್ರೆ ಕನ್ನಡ ಇಲ್ಲ. ಪೂರ್ತಿ ಪುಟ ಕೊಕ್ಕೆ, ಸೊನ್ನೆ, ಯಾವ್ಯಾವುದೋ ದೇಶದ ಅಕ್ಷರ. ಕನ್ನಡ ಟೈಪ್ ಮಾಡೋ ನುಡಿ ತಂತ್ರಾಂಶದ ಫಾಂಟೇ ಹಾಕಿಲ್ಲ ಪುಣ್ಯಾತ್ಮರು. ಹಳೇ ನುಡಿಯಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದಿದ್ರೆ ಹಂಗೇ ಕಾಣೋದು, ಎಲ್ಲ ಕಂಪ್ಯೂಟರಲ್ಲೂ ಓದೋಕೆ ಬರೋ ಯೂನಿಕೋಡ್ ಅಲ್ಲ ಅದು. ಫೋನ್ ಮಾಡಿದ್ರೆ "ನುಡಿ ಅಂದ್ರೆ ಏನು ಸಾರ್?" ಅಂತಾನೆ. ಹಾಸನದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟವನು ಕೇಳೋ ಪ್ರಶ್ನೆನಾ ಇದು? ಪಕ್ಕದ ಆಫೀಸ್‌ನವರ ಹತ್ರ ಇಸ್ಕೊಂಡು ಹಾಕ್ಕೊಂಡೆ. ಆಮೇಲೆ ನೋಡ್ತೀನಿ, ಡಿ ಡ್ರೈವಲ್ಲಿದ್ದ ಹಳೇ ಡ್ರಾಫ್ಟ್ ಒಂದೂ ಇಲ್ಲ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೇ ಕಾಪಿ ಮಾಡಿದ್ದಾರೆ.

ಹೋಗ್ತಾ ಹೋಗ್ತಾ ಮಷೀನು ಹ್ಯಾಂಗ್ ಆಗೋಕೆ ಶುರು. ಎರಡು ಸಲ ನೀಲಿ ಪರದೆ ಬಂತು. ಅಷ್ಟರಲ್ಲಿ ಅಕ್ಕನ ಮಗ ಹಾಸನಾಂಬೆ ದರ್ಶನಕ್ಕೆ ಅಂತ ಬಂದ. ಕ್ಯೂನಲ್ಲಿ ನಿಂತು ಸುಸ್ತಾಗಿ ಬಂದವನು ಊಟ ಮಾಡಿ ಕೂತು ಲ್ಯಾಪ್‌ಟಾಪ್ ತೆಗೆದ. ಟಾಸ್ಕ್ ಮ್ಯಾನೇಜರಲ್ಲಿ ಮೆಮೊರಿ 8 ಜಿಬಿ, ಎರಡು ಸ್ಲಾಟಲ್ಲಿ ಒಂದು ಖಾಲಿ. ನನ್ನ ಹಳೇ 4 ಎಲ್ಲಿ? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದನ್ನ ಹಾಕ್ದ. ಡಿಸ್ಕ್ ಎಷ್ಟು ಗಂಟೆ ಓಡಿದೆ ಅಂತ ಅದು ತೋರ್ಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಎಸ್‌ಎಸ್‌ಡಿಗೆ ಇಸಿ ತೆಗೆಸಿದಂಗೆ.

19,340 ಗಂಟೆ.

ನಾನು ತಂದು 24 ದಿನ. ಹಗಲು ರಾತ್ರಿ ಆಫ್ ಮಾಡದೆ ಇಟ್ಟಿದ್ರೂ 576 ಗಂಟೆ ದಾಟಲ್ಲ. 19,340 ಅಂದ್ರೆ ಎರಡು ವರ್ಷಕ್ಕಿಂತ ಜಾಸ್ತಿ ಒಂದೇ ಸಮ ಓಡಿರೋ ಮಾಲು. ಉಳಿದಿರೋ ಆಯಸ್ಸು 61% ಅಂತ ಪಕ್ಕದಲ್ಲೇ ಬರ್ದಿತ್ತು.

ಅವನು ಏನೂ ಮಾತಾಡ್ಲಿಲ್ಲ. ಸ್ಕ್ರೂಡ್ರೈವರ್ ತಂದು ಹಿಂದಿನ ಮುಚ್ಚಳ ಬಿಚ್ಚಿದ. ಬೋರ್ಡ್ ಮೇಲೆ ಏಳು ವರ್ಷದ ಧೂಳು ಕಂಬಳಿ ಹೊದ್ದಂಗೆ ಕೂತಿತ್ತು, ಯಾರೂ ಕೈ ಹಚ್ಚಿದ ಗುರುತೇ ಇಲ್ಲ. ಐಸಿ ಹಾಕಿದ್ದಾರಂತೆ, 1,500ಕ್ಕೆ! ಎಸ್‌ಎಸ್‌ಡಿ ಮೇಲೆ 512 ಅನ್ನೋ ಸ್ಟಿಕ್ಕರ್, ಒಂದು ಮೂಲೆ ಎದ್ದಿತ್ತು. ಉಗುರಲ್ಲಿ ಹಿಡಿದು ಎಳೆದ್ರೆ ಸಲೀಸಾಗಿ ಬಂತು. ಕೆಳಗೆ ಇನ್ನೊಂದು ಲೇಬಲ್ಲು, 256. ಅದರ ಪಕ್ಕ ಮಾರ್ಕರ್ ಪೆನ್ನಲ್ಲಿ "ಲ್ಯಾಬ್ 2, 14" ಅಂತ ಬರ್ದಿದೆ. ಯಾವ ಊರಿನ ಯಾವ ಲ್ಯಾಬಿನ ಹದಿನಾಲ್ಕನೇ ಕಂಪ್ಯೂಟರೋ, ನನ್ನ ಮೇಜಿನ ಮೇಲೆ ಬಂದು ಕೂತಿದೆ.

"ಎಷ್ಟು ಕೊಟ್ರಿ ಮಾಮ?"

ಆರು ಸಾವಿರ ಅಂದೆ. ಸುಳ್ಳು ಹೇಳ್ದೆ. ಅಡುಗೆಮನೆಯಿಂದ ನಮ್ಮ ಮನೆಯವಳು "ಎಂಟು ಸಾವಿರದ ಏಳ್ನೂರು" ಅಂತ ಕೂಗಿದ್ಲು.

ವಿಂಡೋಸ್ ಕಥೆ ಇನ್ನೊಂದು. 11 ಹಾಕೋಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್ ಮೇಲೆ ಇರ್ಬೇಕಂತೆ, ನನ್ನದು ಏಳು. ಅಡ್ಡದಾರೀಲಿ ತುರುಕಿದ್ದಾರೆ. ಲ್ಯಾಪ್‌ಟಾಪ್ ಕೊಂಡಾಗಲೇ ಬಂದ ವಿಂಡೋಸ್ ಲೈಸೆನ್ಸ್ ಬೋರ್ಡಲ್ಲೇ ಇರುತ್ತಂತೆ, ತಾನಾಗೇ ಆಕ್ಟಿವೇಟ್ ಆಗುತ್ತಂತೆ. 900 ಯಾವುದಕ್ಕೆ ಇಸ್ಕೊಂಡ್ರು?

ಮಾರನೇ ದಿನ ಇಬ್ಬರೂ ಹೋದ್ವಿ. ಅವನ ಮಾತುಗಳನ್ನ ಇದ್ದದ್ದು ಇದ್ದಂಗೆ ಬರೀತೀನಿ, ನಿಮಗೂ ಇದನ್ನೇ ಹೇಳ್ತಾರೆ.

ಮೊದಲು: "ಆ ಸಾಫ್ಟ್‌ವೇರ್ ತಪ್ಪು ತೋರ್ಸುತ್ತೆ ಸಾರ್."
ಆಮೇಲೆ: "ಅದು ಟೆಸ್ಟಿಂಗ್ ಅವರ್ಸು. ಫ್ಯಾಕ್ಟರೀಲಿ ಟೆಸ್ಟ್ ಮಾಡಿರ್ತಾರಲ್ಲ." ಎರಡು ವರ್ಷ ಟೆಸ್ಟ್ ಮಾಡೋಕೆ ಅದೇನು ರಾಕೆಟ್ಟಾ? ಅವನೇ ರಾಕೆಟ್ ಅಂದಿದ್ದ, ಅದೂ ನಿಜ.
ಸ್ಟಿಕ್ಕರ್ ತೋರ್ಸಿದ್ವಿ. "ನೀವು ಬಿಚ್ಚಿದ್ದೀರ. ವಾರಂಟಿ ಹೋಯ್ತು." ಯಾವ ವಾರಂಟಿ? "ಬಿಲ್ ಇದ್ಯಾ ಸಾರ್?" ಈಗ ಬಿಲ್ ಕೇಳೋದು ಅವನು, ನನ್ನ ಹತ್ರ!
ರ‍್ಯಾಮ್ ಕೇಳಿದ್ರೆ: "ಹಳೇದು ಹೊಸದಕ್ಕೆ ಮ್ಯಾಚ್ ಆಗ್ಲಿಲ್ಲ, ತೆಗೆದ್ವಿ." ತೆಗೆದದ್ದು ಎಲ್ಲಿ? "ಕೆಟ್ಟಿತ್ತು."
ಹಾರ್ಡ್ ಡಿಸ್ಕ್? "ಡೆಡ್ ಆಗಿತ್ತು ಸಾರ್, ಗುಜರಿಗೆ ಹಾಕ್ಬಿಟ್ವಿ."

ಡೆಡ್ ಆಗಿದ್ರೆ ಅದರಿಂದ ನನ್ನ ಡಾಕ್ಯುಮೆಂಟ್ಸ್ ಕಾಪಿ ಮಾಡಿಕೊಟ್ಟಿದ್ದು ಯಾರು, ಅದರ ಪ್ರೇತನಾ? ಹಿಂಗೇ ಕೇಳ್ದೆ, ಅಂಗಡೀಲಿ ನಾಲ್ಕು ಜನ ಇದ್ರು. ಅದಕ್ಕೆ ಅವನು ದನಿ ತಗ್ಗಿಸಿ, "ಸಾರ್, ನೀವು ದೊಡ್ಡೋರು, ಟೆಕ್ನಿಕಲ್ ವಿಷಯ ನಿಮಗೆ ಅರ್ಥ ಆಗಲ್ಲ" ಅಂದ. ದೊಡ್ಡೋರು ಅಂದ ಮೇಲೆ ಎರಡನೇ ಮಾತು ಹೊಡೆದಂಗಿತ್ತು.

ನನಗೆ ನಿದ್ದೆ ಬರ್ದೇ ಇರೋದು ಆ ಹಾರ್ಡ್ ಡಿಸ್ಕಿಗೆ. ಅದರಲ್ಲಿ ನನ್ನ ಫೋಟೋ ಅಷ್ಟೇ ಅಲ್ಲ, ಜನರ ಆಧಾರ್, ಪ್ಯಾನ್, ಪಹಣಿ, ಪಾಸ್‌ಬುಕ್ ಸ್ಕ್ಯಾನು ಇದ್ವು. ನನ್ನ ನಂಬಿ ಕೊಟ್ಟದ್ದು. ಫಾರ್ಮ್ಯಾಟ್ ಮಾಡಿದ್ರೂ ಬಹಳಷ್ಟು ಫೈಲ್ ವಾಪಸ್ ತೆಗೀಬಹುದು ಅಂತಾನೆ ಹುಡುಗ. ಯಾವ ಗುಜರಿ, ಯಾರ ಕೈ, ಯಾರಿಗೆ ಗೊತ್ತು. ಅವರು ಅದನ್ನ ಇನ್ನೊಬ್ಬರಿಗೆ "ಹೊಸದು" ಅಂತ ಮಾರಿದ್ರೆ?

ಕೊನೆಗೆ ಒಂದು ಸಾವಿರ ವಾಪಸ್ ಕೊಡೋಕೆ ಬಂದ. ಇಸ್ಕೊಳ್ಲಿಲ್ಲ. ಹಾರ್ಡ್ ಡಿಸ್ಕ್ ಕೊಡು, ಮಿಕ್ಕಿದ್ದು ಆಮೇಲೆ ಅಂದೆ. ಅವತ್ತಿಂದ ವಾಟ್ಸಾಪಲ್ಲಿ ಒಂದೇ ಉತ್ತರ: "ಓಕೆ ಸಾರ್ ಚೆಕ್ ಮಾಡ್ತೀನಿ", ಕೈ ಮುಗಿಯೋ ಚಿತ್ರ. ಐದು ಸಲ ಕೇಳಿದ್ದೀನಿ, ಐದು ಸಲವೂ ಕೈ ಮುಗ್ದಿದ್ದಾನೆ.

1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ಫೋನ್ ಮಾಡಿ ದೂರು ಬರೆಸಿದ್ದೀನಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ನಾನೇ ಬರೀತಿದ್ದೀನಿ, 5 ಲಕ್ಷದೊಳಗಿನದಕ್ಕೆ ಶುಲ್ಕ ಇಲ್ಲ. ಬಿಲ್ ಇಲ್ಲ, ನಿಜ. ಫೋನ್‌ಪೇ ದಾಖಲೆ ಇದೆ, ವಿಸಿಟಿಂಗ್ ಕಾರ್ಡ್ ಮೇಲೆ ಅವನ ಕೈಬರಹ ಇದೆ, ಆ ಸ್ಟಿಕ್ಕರ್ ಒಂದು ಕವರಲ್ಲಿ ಹಾಕಿಟ್ಟಿದ್ದೀನಿ.

ನೀವು ಮಾಡೋದಾದ್ರೆ ಕಣ್ಣೆದುರೇ ಬಿಚ್ಚಿಸಿ. ಸ್ಕ್ರೂ ಬಿಚ್ಚಿ ಎಸ್‌ಎಸ್‌ಡಿ ಬದಲಿಸೋದು ಅರ್ಧ ಗಂಟೆ ಕೆಲಸವೂ ಅಲ್ಲ. ಆಗಲ್ಲ, ಬಿಟ್ಟು ಹೋಗಿ ಅಂದ್ರೆ ಲ್ಯಾಪ್‌ಟಾಪ್ ಎತ್ಕೊಂಡು ಬನ್ನಿ. ಎಸ್‌ಎಸ್‌ಡಿ ಡಬ್ಬಿ ಸೀಲ್ ನೀವೇ ಒಡೀರಿ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿ, 18 ಪರ್ಸೆಂಟ್ ಹೋದ್ರೆ ಹೋಗ್ಲಿ. ಅಲ್ಲೇ ನಿಂತು ಎಷ್ಟು ಗಂಟೆ ಓಡಿದೆ ನೋಡಿ, ಹೊಸದು ಅಂದ್ರೆ ಸೊನ್ನೆಯ ಹತ್ರ ಇರ್ಬೇಕು. ತೆಗೆದ ಹಾರ್ಡ್ ಡಿಸ್ಕ್, ರ‍್ಯಾಮು, ಸ್ಕ್ರೂ ಸಮೇತ ಜೇಬಿಗೆ ಹಾಕ್ಕೊಂಡು ಬನ್ನಿ. ಪಾಸ್‌ವರ್ಡ್ ಚೀಟಿ ಗೀಟಿ ಅಂಟಿಸ್ಬೇಡಿ ನನ್ನ ಹಾಗೆ.

ಇಷ್ಟೆಲ್ಲ ಬರೆಯೋಕೆ ಕೂತಿದ್ದು ಇವತ್ತು ಬೆಳಿಗ್ಗೆ ಆಗಿದ್ದಕ್ಕೆ. ಮೇಷ್ಟ್ರ ಹೆಂಡತಿ ಹಾಲಿನ ಅಂಗಡಿ ಹತ್ರ ಸಿಕ್ಕಿದ್ರು. "ನೀವು ಹೇಳಿದ ಅಂಗಡಿಗೇ ನಿನ್ನೆ ಕೊಟ್ಟು ಬಂದ್ರು ನಮ್ಮನೆಯವರು, ನಿಮ್ಮ ಹೆಸರು ಹೇಳಿದ್ರೆ ಕಮ್ಮಿ ಮಾಡ್ತಾರಂತೆ" ಅಂದ್ರು. ಆಗಿಂದ ಮೇಷ್ಟ್ರಿಗೆ ಮೂರು ಸಲ ಫೋನ್ ಮಾಡಿದ್ದೀನಿ. ಎತ್ತಿಲ್ಲ. ಈಗ ಚಪ್ಪಲಿ ಮೆಟ್ಕೊಂಡು ಅವರ ಮನೆಗೇ ಹೊರಟಿದ್ದೀನಿ.