ಎಥನಾಲ್‌ನಿಂದ ಹೈಡ್ರೋಜನ್: ಅಗ್ಗದ ನಿಕಲ್ ಪುಡಿ ಕೊಳ್ಳುವ ಮುಂಚೆ ಓದಿ

ನಮ್ಮ ಲ್ಯಾಬಿಗೆ ತರಿಸಿದ ಎರಡು ಕ್ಯಾಟಲಿಸ್ಟ್‌ಗಳ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪುಡಿಗಳ) ಬಗ್ಗೆ ಹೇಳ್ತೀನಿ. ಒಂದು ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಮೇಲಿನ ನಿಕಲ್, ಇನ್ನೊಂದು ಸೀರಿಯಾ (ಸೀರಿಯಂ ಆಕ್ಸೈಡ್) ಮೇಲಿನ ರೋಡಿಯಂ ಅನ್ನೋ ದುಬಾರಿ ಲೋಹ. ಎರಡರಲ್ಲೂ ಲೋಹ ನ್ಯಾನೋ ಕಣಗಳಾಗಿ ಹರಡಿರುತ್ತದೆ. ಎಥನಾಲ್ ಮತ್ತು ನೀರಿನ ಹಬೆ ಹಾಯಿಸಿದರೆ ಹೈಡ್ರೋಜನ್ ಬರಬೇಕು. ಲೆಕ್ಕದಲ್ಲಿ ಎಥನಾಲ್‌ನ ಒಂದು ಅಣುವಿಗೆ ನೀರಿನ 3 ಅಣು ಸೇರಿ ಹೈಡ್ರೋಜನ್‌ನ 6 ಅಣು.

ನಿಕಲ್ ಅಗ್ಗ, ಶುರುವಿನಲ್ಲಿ 500 ಡಿಗ್ರಿಗೆ ಚೆನ್ನಾಗಿಯೇ ಓಡಿತು. ಆಮೇಲೆ ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿ (ಹೊರಬರುವ ಗ್ಯಾಸಿನಲ್ಲಿ ಏನೇನಿದೆ ಎಂದು ತೋರಿಸುವ ಯಂತ್ರ) ಎಥಿಲೀನ್ ಅನ್ನೋ ಬೇಡದ ಅನಿಲದ ಪೀಕ್ ಏಳತೊಡಗಿತು, ಪ್ರೆಶರ್ ಗೇಜಿನ ಮುಳ್ಳೂ ಮೇಲೆ ಹೋಯಿತು. ತಣ್ಣಗಾದ ಮೇಲೆ ಕ್ವಾರ್ಟ್ಜ್ ಟ್ಯೂಬ್ ಬಿಚ್ಚಿದರೆ ಪುಡಿ ಉಬ್ಬಿ, ಕಾಡಿಗೆಯ ಹಾಗೆ ಕಪ್ಪಾಗಿ ಗೋಡೆಗೆ ಅಂಟಿಕೊಂಡಿತ್ತು.

ಇದು ನಿಕಲ್ ಒಂದರ ತಪ್ಪಲ್ಲ. ಅಲ್ಯೂಮಿನಾಗೆ ಆಮ್ಲದ ಗುಣ ಇದೆ. ಅದು ಎಥನಾಲ್‌ನಿಂದ ನೀರು ಕಿತ್ತು ಎಥಿಲೀನ್ ಮಾಡುತ್ತದೆ, ಎಥಿಲೀನ್ ಮಸಿಯಾಗುತ್ತದೆ, ಜೊತೆಗೆ ಕಾರ್ಬನ್ ಎಳೆಗಳು ನಿಕಲ್ ಕಣದ ಅಡಿಯಲ್ಲಿ ಬೆಳೆದು ಕಣವನ್ನೇ ಜಾಗದಿಂದ ಎತ್ತಿಬಿಡುತ್ತವೆ. ಈ ವಿಷಯ ಎಲ್ಲರಿಗೂ ಗೊತ್ತು, ಅಲ್ವಾ? ಆದರೂ ಡಬ್ಬಿಯ ಮೇಲೆ ಇದ್ದದ್ದು ನಿಕಲ್ ಶೇಕಡಾ ಎಷ್ಟು ಅನ್ನೋದು ಮಾತ್ರ. ಕಣದ ಗಾತ್ರ ಕೇಳಿ ಬರೆದರೆ ಉತ್ತರವೇ ಇಲ್ಲ. ದುಡ್ಡು ಕೊಟ್ಟವರಿಗೆ ಇಷ್ಟಾದರೂ ಹೇಳಬೇಕು.

ರೋಡಿಯಂ-ಸೀರಿಯಾ ನಿಜಕ್ಕೂ ಖುಷಿ ಕೊಟ್ಟಿತು. ಸೀರಿಯಾ ತನ್ನಲ್ಲಿರುವ ಆಕ್ಸಿಜನ್ ಕೊಟ್ಟು ಮಸಿಯನ್ನು ಸುಡುತ್ತದೆ, ಖಾಲಿಯಾದ ಜಾಗವನ್ನು ಹಬೆಯಿಂದ ಮತ್ತೆ ತುಂಬಿಕೊಳ್ಳುತ್ತದೆ. 2004ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಲ್ಯಾನಿ ಷ್ಮಿಟ್ ತಂಡ ಇದೇ ಜೋಡಿ ಬಳಸಿ, ಹಬೆಯ ಜೊತೆ ಗಾಳಿಯನ್ನೂ ಬಿಟ್ಟು, 10 ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ 95%ಗಿಂತ ಜಾಸ್ತಿ ಎಥನಾಲ್ ಪರಿವರ್ತಿಸಿ ತೋರಿಸಿತ್ತು. ಬೆಲೆ ಮಾತ್ರ ವಿಪರೀತ. ಜಗತ್ತಿನ ಬಹುಪಾಲು ರೋಡಿಯಂ ದಕ್ಷಿಣ ಆಫ್ರಿಕಾದಿಂದ ಬರಬೇಕು, ದರ ಯಾವಾಗ ಏರುತ್ತೋ ಹೇಳೋಕಾಗಲ್ಲ.

ಬಜೆಟ್ ಕಡಿಮೆ ಇದ್ದರೆ ನಿಕಲ್ಲೇ ತಗೊಳ್ಳಿ, ಆದರೆ ಸೀರಿಯಾ ಅಥವಾ ಲ್ಯಾಂಥನಮ್ ಅನ್ನೋ ಲೋಹ ಸೇರಿಸಿದ್ದನ್ನು ಕೇಳಿ ತಗೊಳ್ಳಿ. ಹಬೆ ಧಾರಾಳವಾಗಿ ಬಿಡಿ, ಮಸಿ ತಗ್ಗುತ್ತದೆ. ಹೇಗಿದ್ದರೂ ನೀರು ಬೇಕೇ ಬೇಕು, ಹಾಗಾಗಿ ಪೆಟ್ರೋಲಿಗೆ ಬೆರೆಸುವಷ್ಟು ಒಣಗಿಸಿದ ಎಥನಾಲ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ. ಮಂಡ್ಯ, ಬೆಳಗಾವಿ ಕಡೆ ಕಬ್ಬಿನ ಕಾಕಂಬಿಯಿಂದ ಬರುವ, ನೀರು ಉಳಿದಿರುವ ಸ್ಪಿರಿಟ್ಟೇ ಸಾಕು.

ಒಂದು ಎಚ್ಚರಿಕೆ: ಎರಡರಿಂದಲೂ ಬರುವ ಗ್ಯಾಸಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಹೈಡ್ರೋಜನ್‌ನಿಂದ ಕರೆಂಟ್ ಮಾಡುವ, ಪ್ಲಾಟಿನಂ ಇರುವ ಮಾಮೂಲಿ ಫ್ಯುಯೆಲ್ ಸೆಲ್‌ಗೆ ಅದು 10 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 10 ಪಾಲು) ಹೋದರೂ ಏಟು. ಶುದ್ಧೀಕರಣದ ಖರ್ಚನ್ನೂ ಸೇರಿಸಿಯೇ ಆರ್ಡರ್ ಮಾಡಿ.