ಕೋಲಾರದ ಬೋರ್ ನೀರಿಗೆ ಸಾಫ್ಟ್‌ನರ್: ಎರಡು ವರ್ಷ ಬಳಸಿದ ಮೇಲೆ

ಕೋಲಾರದ ಟಮಕದ ಕಡೆ ಹೊಸದಾಗಿ ಬೆಳೆದಿರುವ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. ನಲ್ಲಿಗೆ ಬರುವುದು ಬಡಾವಣೆಯದೇ ಕೊಳವೆಬಾವಿಯ ನೀರು. ಸಾವಿರ ಅಡಿಗೂ ಕೆಳಗೆ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುವ ಗಡಸು ನೀರು. ಗೃಹಪ್ರವೇಶವಾದ ಒಂದೇ ವರ್ಷಕ್ಕೆ ಗೀಸರಿನ ಕಾಯಿಲ್ ಸುಟ್ಟುಹೋಯಿತು. ರಿಪೇರಿಯವರು ಅದನ್ನು ಬಿಚ್ಚಿ ಕೈಗೆ ಕೊಟ್ಟಾಗ ಕಾಯಿಲೇ ಕಾಣದಷ್ಟು ದಪ್ಪಕ್ಕೆ ಬಿಳಿಯ ಕಿಟ್ಟ ಕಟ್ಟಿತ್ತು. ಉಗುರಿನಿಂದ ಕೆರೆದರೆ ಮೊಟ್ಟೆಯ ಚಿಪ್ಪಿನಂತೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು, ನಿಂಬೆರಸ ಹಿಂಡಿದರೆ ಬುರುಬುರು ನೊರೆಯುಕ್ಕುತ್ತಿತ್ತು. ಮನೆಗೆಲ್ಲ ಸೇರಿ ಒಂದು ಸಾಫ್ಟ್‌ನರ್ ಹಾಕಿಸಲೇಬೇಕೆಂದು ಅಂದೇ ತೀರ್ಮಾನಿಸಿದೆವು.

ನಾವು ಹಾಕಿಸಿದ್ದು 25 ಲೀಟರ್ ರೆಸಿನ್ ಹಿಡಿಸುವ, ಕೈಯಿಂದ ವಾಲ್ವ್ ತಿರುಗಿಸುವ ಸಾಫ್ಟ್‌ನರ್. ರೆಸಿನ್ ಎಂದರೆ ರಾಗಿ ಕಾಳಿಗಿಂತಲೂ ಸಣ್ಣದಾದ ಕಂದು ಮಣಿಗಳು. ನೀರು ಈ ಮಣಿಗಳ ನಡುವೆ ಇಳಿಯುವಾಗ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಮಣಿಗಳಿಗೆ ಅಂಟಿಕೊಳ್ಳುತ್ತವೆ, ಮಣಿಗಳಲ್ಲಿದ್ದ ಸೋಡಿಯಂ ನೀರಿಗೆ ಬರುತ್ತದೆ. ಮಣಿಗಳು ತುಂಬಿದ ಮೇಲೆ ಉಪ್ಪಿನ ನೀರು ಹಾಯಿಸಿ ತೊಳೆದರೆ ಮತ್ತೆ ಕೆಲಸಕ್ಕೆ ಸಿದ್ಧವಾಗುತ್ತವೆ. ಈ ಒಂದು ಕೆಲಸವನ್ನು ಯಂತ್ರ ಎರಡು ವರ್ಷಗಳಿಂದ ಅಚ್ಚುಕಟ್ಟಾಗಿ ಮಾಡುತ್ತಿದೆ. ಸೋಪು ನೊರೆ ಕೊಡುತ್ತದೆ, ಬಿಳಿ ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು ನಿಂತಿದೆ, ಹೊಸ ಕಾಯಿಲ್ ಇಂದಿಗೂ ಲೋಹದ ಹೊಳಪಿನಲ್ಲೇ ಇದೆ.

ಆದರೆ ಮೊದಲ ಆರು ತಿಂಗಳು ಹೀಗಿರಲಿಲ್ಲ. ಮಾರಿದ ಸಂಸ್ಥೆಯವರು ನೀರನ್ನು ಅಳೆಯದೆಯೇ, ವಾರಕ್ಕೊಮ್ಮೆ ಉಪ್ಪು ಹಾಯಿಸಿದರೆ ಸಾಕೆಂದು ಹೇಳಿ ಹೋಗಿದ್ದರು. ಮೂರು ದಿನ ನೀರು ಮೃದುವಾಗಿರುತ್ತಿತ್ತು, ನಾಲ್ಕನೆಯ ದಿನದಿಂದ ಮತ್ತೆ ಬಕೆಟ್ಟಿನ ಅಂಚಿನಲ್ಲಿ ಬಿಳಿ ಗೆರೆ. ಯಂತ್ರವೇ ಕೆಟ್ಟಿದೆಯೆಂದು ದೂರು ಕೊಟ್ಟರೆ, ಬಂದವರು ಭೇಟಿಯ ಶುಲ್ಕ ಪಡೆದು ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಕೊನೆಗೆ ನಾನೇ ಗಡಸುತನ ಅಳೆಯುವ ಕಿಟ್ ತರಿಸಿದೆ. ಸಣ್ಣ ಸೀಸೆಯಲ್ಲಿ ನೀರು ಹಿಡಿದು ಪುಡಿ ಹಾಕಿದರೆ ನೇರಳೆ ಹಣ್ಣಿನ ರಸದಂತೆ ಕೆಂಪಾಗುತ್ತದೆ. ಆಮೇಲೆ ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ನೀಲಿಗೆ ತಿರುಗುವವರೆಗೆ ಎಣಿಸಬೇಕು. ನಮ್ಮ ಕಿಟ್‌ನಲ್ಲಿ ಒಂದು ಹನಿಗೆ ಲೀಟರಿಗೆ 25 ಮಿಲಿಗ್ರಾಂ ಲೆಕ್ಕ. ಸಾಫ್ಟ್‌ನರ್ ದಾಟಿದ ನೀರು ಮೊದಲ ಹನಿಗೇ ನೀಲಿಯಾಯಿತು. ಬೋರ್ ನೀರು ಇಪ್ಪತ್ತನೆಯ ಹನಿಗೂ ಜಗ್ಗದೆ ಇಪ್ಪತ್ತೈದಕ್ಕೆ ನೀಲಿಯಾಯಿತು, ಅಂದರೆ 625. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ 200ರೊಳಗಿರಬೇಕು; ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಅವಕಾಶವಿದೆ. ನಮ್ಮದು ಅದನ್ನೂ ಮೀರಿತ್ತು. 25 ಲೀಟರ್ ರೆಸಿನ್ ಸುಮಾರು ಒಂದೂಕಾಲು ಕಿಲೋ ಗಡಸುತನವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಈ ನೀರಿಗೆ ಅದು ಎರಡು ಸಾವಿರ ಲೀಟರಿಗೆ ಮುಗಿಯುತ್ತದೆ, ದಿನಕ್ಕೆ 650 ಲೀಟರ್ ಬಳಸುವ ನಮ್ಮ ಮನೆಗೆ ಮೂರೇ ದಿನ. ಮಾರುವವರು ಹತ್ತು ನಿಮಿಷ ಕೂತು ಮಾಡಬಹುದಾಗಿದ್ದ ಈ ಲೆಕ್ಕಕ್ಕಾಗಿ ನಾವು ಆರು ತಿಂಗಳು ಒದ್ದಾಡಿದ್ದು ಇಂದಿಗೂ ನನಗೆ ನೋವಿನ ಸಂಗತಿ.

ಇದಕ್ಕಿಂತ ಗಂಭೀರವಾದ ತಪ್ಪು ಇನ್ನೊಂದಿದೆ. ಯಂತ್ರ ಜೋಡಿಸಿದ ಹುಡುಗ ಅಮ್ಮನಿಗೆ, "ಇನ್ಮೇಲೆ ಧೈರ್ಯವಾಗಿ ಕುಡೀರಿ ಅಮ್ಮಾ, ಫಿಲ್ಟರ್ ನೀರಿದ್ದಂಗೇ" ಎಂದು ಹೇಳಿದ್ದ. ಸಾಫ್ಟ್‌ನರ್ ಫಿಲ್ಟರ್ ಅಲ್ಲ. ಅದು ಫ್ಲೋರೈಡನ್ನು ಮುಟ್ಟುವುದಿಲ್ಲ, ನೈಟ್ರೇಟನ್ನು ಮುಟ್ಟುವುದಿಲ್ಲ, ಒಟ್ಟು ಲವಣಾಂಶವನ್ನೂ ತಗ್ಗಿಸುವುದಿಲ್ಲ. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಬಹುಕಾಲದ ಸಮಸ್ಯೆ. ಪ್ರಯೋಗಾಲಯಕ್ಕೆ ಕೊಟ್ಟ ನಮ್ಮ ನೀರಿನಲ್ಲಿಯೂ ಅದು ಮಾನಕದ ಗರಿಷ್ಠ ಮಿತಿಯಾದ 1.5 ಮಿಲಿಗ್ರಾಂ ದಾಟಿತ್ತು. ಹಲ್ಲಿನ ಮೇಲೆ ಕಂದು ಪಟ್ಟೆ ಮೂಡಿಸಿ ಮೂಳೆಗೂ ಇಳಿಯುವ ಈ ಫ್ಲೋರೈಡ್ ಮೃದುವಾದ ನೀರಿನಲ್ಲೂ ಹಾಗೆಯೇ ಉಳಿದಿರುತ್ತದೆ. ಸಾಲದ್ದಕ್ಕೆ, ತೆಗೆದ ಪ್ರತಿ 100 ಮಿಲಿಗ್ರಾಂ ಗಡಸುತನಕ್ಕೆ ಸುಮಾರು 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುತ್ತದೆ. ನಮ್ಮ ಲೆಕ್ಕದಲ್ಲಿ ಲೀಟರಿಗೆ 285 ಮಿಲಿಗ್ರಾಂ ಆಗುತ್ತದೆ. ಅಮ್ಮನಿಗೆ ರಕ್ತದೊತ್ತಡವಿದೆ, ಊಟದಲ್ಲಿ ಉಪ್ಪು ಕಡಿಮೆ ಮಾಡಲು ವೈದ್ಯರು ಹೇಳಿದ್ದಾರೆ. ಅಂಥವರಿಗೆ ಈ ನೀರನ್ನು ಕುಡಿಯಲು ಹೇಳುವುದು ತಿಳಿಯದೆ ಆಡಿದ ಮಾತಾದರೂ ಅಪಾಯದ ಮಾತು. ಕುಡಿಯಲು, ಬೇಳೆ ಬೇಯಿಸಲು ನಾವು ಈಗಲೂ ಐದು ರೂಪಾಯಿ ನಾಣ್ಯ ಹಾಕಿ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುತ್ತೇವೆ. ಬೋರ್ ನೀರಿನಲ್ಲಿ ಬೇಳೆ ಎಷ್ಟು ವಿಷಲ್ ಕೂಗಿಸಿದರೂ ಬೇಯದೆಂಬುದು ಇಲ್ಲಿನ ಯಾವ ಮನೆಗೂ ಹೊಸ ವಿಷಯವಲ್ಲ.

ಖರ್ಚಿನಲ್ಲಿ ಉಪ್ಪಿನದೇ ದೊಡ್ಡ ಪಾಲು. ಒಂದು ಸಲಕ್ಕೆ ನಾಲ್ಕು ಕಿಲೋದಂತೆ ಮೂರು ದಿನಕ್ಕೊಮ್ಮೆ ಹಾಕಿದರೆ ತಿಂಗಳಿಗೆ 40 ಕಿಲೋ ಬೇಕು. ಮಣ್ಣು ಬೆರೆತ ಅಗ್ಗದ ಕಲ್ಲುಪ್ಪು ಹಾಕಿ ಒಮ್ಮೆ ಕೊಳವೆ ಕಟ್ಟಿಕೊಂಡಿದ್ದರಿಂದ ಈಗ ತೊಳೆದ ಉಪ್ಪನ್ನೇ ತರುತ್ತೇವೆ. ಪ್ರತಿ ಸಲವೂ ಸುಮಾರು 200 ಲೀಟರ್ ಉಪ್ಪುನೀರು ಹೊರಗೆ ಹೋಗುತ್ತದೆ. ನೀರು ಹಾಳಾಗುವುದು ಬೇಡವೆಂದು ಆರಂಭದಲ್ಲಿ ಅದನ್ನು ಹಿತ್ತಲಿಗೆ ಬಿಟ್ಟೆವು. ಎರಡು ತಿಂಗಳಲ್ಲಿ ಅಮ್ಮ ಸಾಕಿದ್ದ ಕರಿಬೇವಿನ ಗಿಡದ ಎಲೆಗಳು ತುದಿಯಿಂದ ಸುಡುತ್ತ ಬಂದು ಗಿಡವೇ ಒಣಗಿತು. ಅದನ್ನು ಗಿಡಗಳಿಗಾಗಲಿ ಇಂಗುಗುಂಡಿಗಾಗಲಿ ದಯವಿಟ್ಟು ಬಿಡಬೇಡಿ, ಒಳಚರಂಡಿಗೇ ಸೇರಿಸಿ. ಹನಿ ನೀರಿಗೂ ಪರದಾಡುವ ನಮ್ಮ ನೆಲಕ್ಕೆ ನಾವೇ ಉಪ್ಪು ಇಂಗಿಸಿದರೆ ಅದು ತಿರುಗಿ ನಮ್ಮ ಬೋರಿಗೇ ಬರುತ್ತದೆ.

ಉಪ್ಪೇ ಬೇಡವೆಂದು ಹೇಳಿ ಮಾರುವ, ಪೈಪಿಗೆ ಸುತ್ತುವ ಅಯಸ್ಕಾಂತದ ಸಾಧನವನ್ನು ಪಕ್ಕದ ಮನೆಯವರು ಹಾಕಿಸಿದ್ದಾರೆ. ಅವರ ನಲ್ಲಿಯ ನೀರನ್ನು ಸಾಧನದ ಮೊದಲು ಮತ್ತು ನಂತರ ನನ್ನ ಕಿಟ್‌ನಲ್ಲೇ ಅಳೆದೆವು: ಎರಡಕ್ಕೂ 25 ಹನಿ.

2023ರಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟೆಯ ನೀರು ನಮ್ಮಂಥ ಹೊರ ಬಡಾವಣೆಗಳಿಗೆ ಸಮೃದ್ಧವಾಗಿ ಹರಿದು ಬರುವವರೆಗೆ ಬೋರ್ ನೀರೇ ಗತಿಯಾದ್ದರಿಂದ, ಸಾಫ್ಟ್‌ನರ್ ಕೊಳ್ಳಬೇಡಿ ಎಂದು ನಾನು ಹೇಳಲಾರೆ. ಅಳೆದು ಕೊಳ್ಳಿ, ಮನೆಗೆಲ್ಲ ಹಾಕಿಸಬೇಡಿ. ಕಳೆದ ವರ್ಷ ನಾವು ಪೈಪು ಬೇರ್ಪಡಿಸಿ ಸ್ನಾನದ ಮನೆ, ಗೀಸರ್, ವಾಷಿಂಗ್ ಮೆಷಿನ್‌ಗಳಿಗೆ ಮಾತ್ರ ಮೃದು ನೀರು ಕೊಟ್ಟೆವು. ಶೌಚಾಲಯಕ್ಕೂ ಗಿಡಗಳಿಗೂ ಬೋರ್ ನೀರೇ ಹೋಗುತ್ತದೆ. ಉಪ್ಪು ಹಾಯಿಸುವುದು ಈಗ ಐದು ದಿನಕ್ಕೊಮ್ಮೆ, ತಿಂಗಳಿಗೆ 25 ಕಿಲೋದೊಳಗೆ ಮುಗಿಯುತ್ತದೆ. ಮನೆ ಕಟ್ಟಿಸುತ್ತಿರುವವರು ಗೋಡೆಗೆ ಗಾರೆ ಮೆತ್ತುವ ಮೊದಲೇ ಪ್ಲಂಬರ್‌ಗೆ ಹೇಳಿ ಎರಡು ಪ್ರತ್ಯೇಕ ಲೈನ್ ಹಾಕಿಸಿಕೊಂಡರೆ, ನಮ್ಮಂತೆ ಟೈಲ್ಸ್ ಒಡೆಸಬೇಕಾಗುವುದಿಲ್ಲ.